ಬೋರ್ಡ್ ಮರೆತದ್ದು

ಅಮೂಲ್ಯಾ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿದ್ದ ಏನನ್ನೋ ಎದೆಗೆ ಅವಚಿಕೊಂಡಿದ್ದಳು. ಮಲಗಿದ ಮಗುವಿರಬೇಕೆಂದು ನಾನು ಎದ್ದು ಜಾಗ ಬಿಟ್ಟೆ.

“ಮಗೂನ ಇಲ್ಲಿ ಮಲಗಿಸಿ, ಫ್ಯಾನ್ ಹಾಕ್ತೀನಿ.”

“ಫ್ಯಾನ್ ಇದರೊಳಗೇ ಮೂರಿದೆ,” ಎಂದು ಅವಳು ಸೀರೆ ಬಿಚ್ಚಿದಳು. ಒಳಗಿದ್ದದ್ದು ಕಪ್ಪು ಬಣ್ಣದ ಕಂಪ್ಯೂಟರ್ ಕ್ಯಾಬಿನೆಟ್. ನನ್ನ ಮುಖ ನೋಡಿ ನಕ್ಕಳು. ಆ ನಗು ಕಣ್ಣಿನವರೆಗೆ ಬಂದು, ಅಲ್ಲಿ ಯಾರನ್ನೋ ಕಂಡಂತೆ ನಿಂತುಬಿಟ್ಟಿತು.

ಭದ್ರಾವತಿಯ ನ್ಯೂಟೌನಿನಿಂದ ಬಸ್ಸಿನಲ್ಲಿ, ಆಮೇಲೆ ಆಟೋದಲ್ಲಿ ಅದನ್ನು ವಿನೋಬನಗರದ ನನ್ನ ಅಂಗಡಿಯವರೆಗೆ ಹೊತ್ತು ತಂದಿದ್ದಳು. ಮನೆಯಲ್ಲೇ ಕೂತು ಮದುವೆ ಪತ್ರಿಕೆಗಳ ಡಿಸೈನ್ ಮಾಡುತ್ತಾಳಂತೆ. ಒಂದು ತಿಂಗಳಿಂದ ತೊಂದರೆ. ಕೆಲವು ಸಲ ಮೂರು ಬೀಪ್ ಕೇಳಿಸಿ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆನ್ ಆದರೂ ಹತ್ತು ನಿಮಿಷಕ್ಕೆ ತಾನಾಗಿ ಆರಿಹೋಗುತ್ತದೆ.

“ಎಲ್ಲಿ ತಗೊಂಡಿದ್ದು?”

“ತಗೊಂಡಿದ್ದಲ್ಲ. ನನ್ನ ಹಸ್ಬೆಂಡು ಒಂದೊಂದೇ ಪಾರ್ಟ್ ತಂದು ಜೋಡಿಸಿದ್ದು.” ಸೀರೆ ಮಡಿಸತೊಡಗಿದಳು. “ಶ್ರೇಯಸ್ ಅಂತ. ಹೋಗಿ ಎರಡು ವರ್ಷ ಆಯ್ತು.”

ಮುಚ್ಚಳ ತೆಗೆದೆ. ಇಷ್ಟು ಅಚ್ಚುಕಟ್ಟಾದ ಒಳಾಂಗಣವನ್ನು ನಾನು ಹೆಚ್ಚು ನೋಡಿಲ್ಲ. ಒಂದೊಂದು ವೈರನ್ನೂ ಮಡಿಸಿ, ಕಟ್ಟಿ, ಮೂಲೆ ಸೇರಿಸಿದ್ದ. ಒಂದರ ಮೇಲೆ ಚೀಟಿ ಅಂಟಿಸಿ ಸಣ್ಣ ಅಕ್ಷರದಲ್ಲಿ ಬರೆದಿದ್ದ: ಇದನ್ನ ಎಳೀಬೇಡ ಅಮೂ.

“ಓದಬಾರದಿತ್ತು,” ಎಂದೆ.

“ಓದ್ಲಿ ಅಂತಾನೇ ಅಂಟಿಸಿರೋದು. ಎಳೀಬೇಡಿ ಅಷ್ಟೆ. ನಾನು ಎಳೆದು ಬೈಸ್ಕೊಂಡಿದೀನಿ.”

ಸತ್ತವನ ಅಕ್ಷರ ನೋಡಿ ಹೊಟ್ಟೆಕಿಚ್ಚಾಯಿತು ಎಂದರೆ ಯಾರು ನಂಬುತ್ತಾರೆ? ಅವಳು ಬಂದು ಇನ್ನೂ ಕಾಲು ಗಂಟೆ ಆಗಿರಲಿಲ್ಲ.

ಮೂರು ಬೀಪ್ ಎಂದರೆ ಮೆಮೊರಿಯ ತೊಂದರೆ; ಅದು ಬಂದಾಗ ನನ್ನದೊಂದು ಕ್ರಮವಿದೆ. ಮೊದಲು ಬೋರ್ಡಿನ ಮೇಲಿರುವ ನಾಣ್ಯದಂಥ ಪುಟ್ಟ ಸೆಲ್ ತೆಗೆದು ಐದು ನಿಮಿಷ ಬಿಡುತ್ತೇನೆ. ಅದುವರೆಗೆ ಯಾರು ಯಾವ ಸೆಟ್ಟಿಂಗ್ ಮಾಡಿಟ್ಟಿದ್ದರೂ ಬೋರ್ಡ್ ಅದನ್ನೆಲ್ಲ ಮರೆಯುತ್ತದೆ. ಇದಕ್ಕೆ ನಾನು ಯಾರನ್ನೂ ಕೇಳುವುದಿಲ್ಲ. ಅವತ್ತೂ ಕೇಳಲಿಲ್ಲ.

ಆಮೇಲೆ ಮೆಮೊರಿ ಪಟ್ಟಿಗಳಾದ ಎರಡು ರ‍್ಯಾಮ್‌ಗಳನ್ನೂ ಕಳಚಿ ಒಂದೊಂದನ್ನೇ ಹಾಕಿ ನೋಡಿದೆ. ಒಂದು ಕೆಟ್ಟಿತ್ತು. ಒಳಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ ಕೂಡ ಸೋತಿತ್ತು. ಕೆಲಸ ಸ್ವಲ್ಪ ಹೆಚ್ಚಾದರೆ ವೋಲ್ಟೇಜ್ ಕುಸಿಯುತ್ತಿತ್ತು. ಎರಡನ್ನೂ ಬದಲಿಸಿದೆ.

ಪರದೆ ಬೆಳಗಿತು. ಸೆಲ್ ತೆಗೆದದ್ದರಿಂದ ಗಡಿಯಾರ ಹಿಂದಕ್ಕೆ ಹೋಗಿ, ಮೂಲೆಯಲ್ಲಿ 2018ರ ಜನವರಿ ಒಂದನೇ ತಾರೀಖು ಎಂದು ತೋರಿಸುತ್ತಿತ್ತು. ಸರಿಮಾಡಲು ಮೌಸ್ ಹಿಡಿದೆ.

“ಬೇಡ,” ಎಂದಳು. “ಎರಡು ನಿಮಿಷ ಹಾಗೇ ಇರ್ಲಿ.”

“ಯಾಕೆ?”

“ಅವತ್ತು ಇದ್ರು.”

ಹೊರಗೆ ಸಿಟಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ನಾವಿಬ್ಬರೂ ಆ ತಾರೀಖು ನೋಡುತ್ತ ಕೂತೆವು. ಮೂರನೆಯ ಪ್ಲಾಸ್ಟಿಕ್ ಕುರ್ಚಿ ಖಾಲಿಯಿತ್ತು. ಅದರ ಕಡೆ ತಿರುಗಲು ನನಗೆ ಧೈರ್ಯವಾಗಲಿಲ್ಲ.

ನಾಲ್ಕನೆಯ ದಿನ ಫೋನ್ ಬಂತು.

“ಸುದರ್ಶನ್, ಸ್ವಲ್ಪ ಮನೆಗೆ ಬರೋಕಾಗುತ್ತಾ? ಮೆಷಿನ್ ಚೆನ್ನಾಗಿದೆ. ಅತ್ತೆಗೆ ಸರಿಯಿಲ್ಲ.”

ಮಧ್ಯಾಹ್ನದ ಬಸ್ಸಿಗೆ ಹೊರಟೆ. ನ್ಯೂಟೌನಿನ ಚಿಕ್ಕ ಮನೆ. ನಡುಮನೆಯಲ್ಲಿ ಮೇಜು, ಮೇಜಿನ ಕೆಳಗೆ ಕ್ಯಾಬಿನೆಟ್. ಎದುರಿಗೆ ಅವಳ ಅತ್ತೆ ಸೀತಾಲಕ್ಷ್ಮಮ್ಮ ಊಟಕ್ಕೂ ಏಳದೆ ಕೂತಿದ್ದರು.

“ಕರೆಂಟ್ ಹೋಗಿ ಬಂದಾಗೆಲ್ಲ ನನ್ನ ಮಗ ಬರ್ತಿದ್ದ ಕಣಪ್ಪಾ,” ಎಂದರು. “ಯಾರೂ ಮುಟ್ಟದೇ ಇದು ತಾನಾಗೇ ಹತ್ಕೊಳ್ಳೋದು. ನಿನ್ನೆಯಿಂದ ಮೂರು ಸಲ ಕರೆಂಟ್ ಹೋಗಿ ಬಂತು. ಅವನು ಬರ್ಲೇ ಇಲ್ಲ. ನೀನು ಏನು ಮಾಡ್ದೆ?”

ಅಮೂಲ್ಯಾ ನನ್ನನ್ನು ಹಿತ್ತಲ ಬಾಗಿಲಿಗೆ ಕರೆದೊಯ್ದಳು.

“ಅದು ದೆವ್ವ ಅಲ್ಲ, ನನಗೆ ಗೊತ್ತು,” ಎಂದು ಪಿಸುಗುಟ್ಟಿದಳು. “ನನಗೆ ಬೆನ್ನಿನ ಆಪರೇಷನ್ ಆಗಿತ್ತು. ಬಗ್ಗಿ ಬಟನ್ ಒತ್ತೋದು ಬೇಡ, ಗೋಡೆ ಸ್ವಿಚ್ ಹಾಕಿದ್ರೆ ಸಾಕು ಅಂತ ಅವರೇ ಏನೋ ಸೆಟ್ಟಿಂಗ್ ಮಾಡಿದ್ರು. ಅತ್ತೆಗೆ ಹೇಳೋಕೆ ಮನಸ್ಸಾಗ್ಲಿಲ್ಲ. ಆಮೇಲಾಮೇಲೆ ನಾನೂ ಕಾಯೋಕೆ ಶುರು ಮಾಡ್ದೆ. ಈಗ ಯಾಕೆ ನಿಂತ್ಹೋಯ್ತು?”

ಅವಳ ನೋವಿಗೆಂದು ಅವನು ಬಿಟ್ಟುಹೋಗಿದ್ದ ಕೊನೆಯ ಉಪಚಾರವನ್ನು ನಾನು ಒಂದು ಸೆಲ್ ಕಿತ್ತು ಅಳಿಸಿದ್ದೆ.

ಸುಳ್ಳೊಂದು ನಾಲಿಗೆಯ ತುದಿಗೇ ಬಂದಿತ್ತು. ಹೊಸ ಎಸ್‌ಎಂಪಿಎಸ್‌ನಲ್ಲಿ ಅದು ಆಗಲ್ಲ ಎಂದರೆ ಸಾಕು. ನಂಬುತ್ತಾಳೆ. ಅವನು ಈ ಮನೆಯಿಂದ ನಿಜಕ್ಕೂ ಹೊರಡುತ್ತಾನೆ. ಎಂದಾದರೂ ಒಂದು ದಿನ ನನಗೆ ಇಲ್ಲಿ ಜಾಗವಾಗಬಹುದು.

ಅವಳು ನನ್ನನ್ನೇ ನೋಡುತ್ತಿದ್ದಳು.

“ನಾನೇ ಅಳಿಸಿದ್ದು,” ಎಂದೆ. “ಸೆಲ್ ತೆಗೆದಾಗ ಹೋಯ್ತು. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ.”

ಅವಳು ಒಳಗೆ ಕೂತಿದ್ದ ಅತ್ತೆಯ ಕಡೆ ನೋಡಿದಳು.

“ವಾಪಸ್ ಹಾಕೋಕಾಗುತ್ತಾ?”

“ಒಂದು ನಿಮಿಷದ ಕೆಲಸ.”

“ಒಂದು ನಿಮಿಷದ್ದಾ?” ಎಂದಳು. “ಅವರು ಒಂದು ಗಂಟೆ ತಗೊಂಡಿದ್ರು ಮಾರಾಯ್ರೇ. ದೊಡ್ಡ ಎಂಜಿನಿಯರ್ ಥರ ಬಿಲ್ಡಪ್ ಕೊಟ್ಟು.”

ಮೇಜಿನ ಮುಂದೆ ಕೂತು, ಮೆಷಿನ್ ಶುರುವಾಗುವಾಗ ಕೀಬೋರ್ಡಿನ ಕೀ ಒತ್ತಿ, ಸೆಟ್ಟಿಂಗ್‌ಗಳ ನೀಲಿ ಪರದೆಗೆ ಹೋದೆ. ಕರೆಂಟ್ ಬಂದಾಗ ತಾನೇ ಆನ್ ಆಗು ಎಂಬ ಸಾಲನ್ನು ಆರಿಸಿದೆ. ನನ್ನ ಕೈಯಾರೆ ಅವನಿಗೆ ಬಾಗಿಲು ತೆರೆಯುತ್ತಿದ್ದೆ. ಅದನ್ನು ಉಳಿಸಿ, ಮೆಷಿನ್ ನಿಲ್ಲಿಸಿ, ಗೋಡೆಯ ಸ್ವಿಚ್ ಆಫ್ ಮಾಡಿದೆ. ಹತ್ತು ಎಣಿಸಿ ಮತ್ತೆ ಹಾಕಿದೆ.

ಫ್ಯಾನುಗಳು ತಿರುಗಿದವು. ಪರದೆ ಬೆಳಗಿತು. ಸೀತಾಲಕ್ಷ್ಮಮ್ಮ “ಬಂದ್ಯಾ” ಎಂದರು, ಮಗ ಸಂತೆಯಿಂದ ತಡವಾಗಿ ಬಂದಂತೆ. ಕತ್ತಿನ ಹಿಂದೆ ಯಾರೋ ಉಸಿರಾಡಿದಂತೆ ನನಗನ್ನಿಸಿತು.

ಬಾಗಿಲವರೆಗೆ ಅಮೂಲ್ಯಾ ಬಂದಳು.

“ನಾನು ಮತ್ತೆ ಬರಬಹುದಾ?” ಎಂದೆ.

“ಮೆಷಿನ್ ಸರಿ ಇದೆಯಲ್ಲ?”

“ಇದೆ.”

“ಮತ್ತೆ ಯಾಕೆ ಬರ್ತೀರಿ?”

“ನಿಮ್ಮನ್ನ ನೋಡೋಕೆ.”

ಒಳಗೆ ಫ್ಯಾನುಗಳ ಸದ್ದು ಕೇಳುತ್ತಲೇ ಇತ್ತು. ಅವಳು ಹಿಂದೆ ತಿರುಗಿ ನೋಡುತ್ತಾಳೆ ಎಂದುಕೊಂಡೆ. ನೋಡಲಿಲ್ಲ.

“ಅವರು ಇರ್ತಾರೆ,” ಎಂದಳು ಮೆಲ್ಲಗೆ. “ನಿಮಗೆ ಅಡ್ಡಿ ಇಲ್ಲ ಅಂದ್ರೆ, ಭಾನುವಾರ ಬನ್ನಿ.”