ಮಹಾರಾಣಿಯ ಹಳದಿ ಗೀಟು

ಟೆಸ್ಸಾ ಕಾರಿನ ಕೆಳಗೆ ಅಂಗಾತ ಮಲಗಿ ಕೊನೆಯ ಸಲ ಬಟ್ಟೆಯಿಂದ ಒರೆಸಿದಳು. ಹಿಂದಿನ ಎರಡು ಗಾಲಿಗಳ ನಡುವೆ ಇರುವ ದಪ್ಪ ಕಬ್ಬಿಣದ ಅಚ್ಚು ಈಗ ತೊಳೆದಿಟ್ಟ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅವಳ ಮೂಗಿನ ಮೇಲೆ ಗ್ರೀಸು, ಕೂದಲಲ್ಲಿ ಸೋಪಿನ ನೊರೆ. ಅಪ್ಪ ನೋಡಿದರೆ ಹಿಗ್ಗಿ ಹೀರೇಕಾಯಿ ಆಗುತ್ತಾನೆ ಅಂದುಕೊಂಡಳು.

ಅಷ್ಟರಲ್ಲಿ ಗ್ಯಾರೇಜಿನ ಹೊರಗೆ ಅಪ್ಪ ಫೋನಿನಲ್ಲಿ ಗೆಳೆಯನ ಜೊತೆ ಮಾತಾಡುವುದು ಕೇಳಿಸಿತು.

"ಬೇಗ ಬಾ ಡ್ವೈಟ್. ನಿನ್ನೆ ಸಂಜೆ ಅಚ್ಚಿನ ಮಣ್ಣು ಕೆರೀತಿದ್ದೆ, ಒಂದು ಹಳದಿ ಗೀಟು ಸಿಕ್ತು. ಕ್ರೇಯಾನ್ ಗೀಟು ಕಣೋ. ಫ್ಯಾಕ್ಟರಿಯವರೇ ಹಾಕಿದ್ದು, ಐವತ್ತು ವರ್ಷದ್ದು. ನಾನು ಬೆರಳೂ ತಾಗಿಸಿಲ್ಲ."

ಟೆಸ್ಸಾ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಕಪ್ಪು ಕೊಳೆಯ ನಡುವೆ ಒಂದಿಷ್ಟು ಹಳದಿ ಇತ್ತು.

ಅಪ್ಪ ರಸ್ ವಾರವೆಲ್ಲ ಸ್ಕೂಲ್ ಬಸ್ ಓಡಿಸುತ್ತಾನೆ. ಶನಿವಾರ, ಭಾನುವಾರ ಬಂತೆಂದರೆ ಅವನು ಮನೆಯವರಿಗೆ ಸೇರಿದವನಲ್ಲ, ಮಹಾರಾಣಿಗೆ ಸೇರಿದವನು. ಮಹಾರಾಣಿ ಅಂದರೆ ದೊಡ್ಡ ಎಂಜಿನ್ನಿನ, ಕಿತ್ತಳೆ ಬಣ್ಣದ ಈ ಹಳೇ ಮಸಲ್ ಕಾರು. ರೈತನೊಬ್ಬನ ಕೊಟ್ಟಿಗೆಯಿಂದ ಅದನ್ನು ತಂದಾಗ ಸೀಟಿನೊಳಗೆ ಇಲಿಗಳ ದೊಡ್ಡ ಸಂಸಾರವೇ ಇತ್ತು.

ಕಾರು ಫ್ಯಾಕ್ಟರಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಆಗಬೇಕು ಎಂಬುದು ಅಪ್ಪನ ಹಟ. ಎಷ್ಟರ ಮಟ್ಟಿಗೆ ಅಂದರೆ, ಒಂದು ಮೂಲೆಯಲ್ಲಿ ಆಗ ಬಣ್ಣ ಸೋರಿತ್ತು ಅಂತ ಅಪ್ಪನೂ ಅಲ್ಲಿ ಬೇಕೆಂದೇ ಬಣ್ಣ ಸೋರಿಸಿದ್ದ. ಸ್ಕೂಲಿನಲ್ಲಿ ಹೀಗೆ ಬಣ್ಣ ಸೋರಿಸಿದರೆ ಟೀಚರ್ ಮತ್ತೆ ಮಾಡು ಅನ್ನುತ್ತಾರೆ. ಕಾರ್ ಶೋದಲ್ಲಿ ಅದಕ್ಕೇ ಮಾರ್ಕ್ಸು ಕೊಡುತ್ತಾರೆ.

ಆ ಶೋ ಬರುವ ಭಾನುವಾರವೇ ಇತ್ತು. ಜಡ್ಜ್‌ಗಳು ಟಾರ್ಚ್ ಹಿಡಿದು ಕಾರಿನ ಹೊಟ್ಟೆಯ ಕೆಳಗೂ ನುಗ್ಗಿ ನೋಡುತ್ತಾರೆ. ಅಪ್ಪನಿಗೆ ಇದುವರೆಗೆ ಒಂದು ಬಹುಮಾನವೂ ಬಂದಿರಲಿಲ್ಲ.

ಅಚ್ಚಿನ ಮೇಲೆ ಬೆಕ್ಕಿನ ಬಾಲದಂತೆ ಏನೋ ಇದ್ದದ್ದು ಟೆಸ್ಸಾಗೆ ನೆನಪಿತ್ತು. ಕೊಳೆ ಅಂದುಕೊಂಡು ಉಜ್ಜಿಬಿಟ್ಟಿದ್ದಳು. ಮನೆಯೊಳಗೆ ಓಡಿ ಹೋಗಿ ಸ್ಕೂಲ್ ಬ್ಯಾಗಿನಿಂದ ಹಳದಿ ಕ್ರೇಯಾನ್ ತಂದಳು. ಮತ್ತೆ ಕಾರಿನಡಿ ತೂರಿ, ಉಸಿರು ಬಿಗಿಹಿಡಿದು ಒಂದು ಬಾಲ ಬರೆದಳು.

ಡ್ವೈಟ್ ಅಂಕಲ್ ಒಂದು ಡಬ್ಬಿ ಡೋನಟ್ ಹಿಡಿದು ಬಂದೇಬಿಟ್ಟ. ಕಾರನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿದ್ದರೂ ಅವನ ಹೊಟ್ಟೆ ಕೆಳಗೆ ತೂರಲಿಲ್ಲ. ಅಪ್ಪ ಇನ್ನಷ್ಟು ಎತ್ತಬೇಕಾಯಿತು.

"ಅಬ್ಬಬ್ಬಾ," ಕೆಳಗಿನಿಂದ ಡ್ವೈಟ್ ಅಂಕಲ್‌ನ ದನಿ ಬಂತು. "ಎಂಥಾ ಕೈ ನೋಡೋ. ಒಂದೇ ಏಟಿಗೆ ಎಳೆದಿದಾನೆ. ಈಗಿನೋರಿಗೆ ಹಿಂಗೆ ಬರೆಯೋಕಾಗುತ್ತಾ? ಇಷ್ಟು ವರ್ಷ ಆದ್ರೂ ಮಿನುಗ್ತಾ ಇದೆ ಕಣೋ."

ಮಿನುಗದೆ ಏನು ಮಾಡುತ್ತದೆ? ಟೆಸ್ಸಾಳ ಕ್ರೇಯಾನ್‌ನಲ್ಲಿ ಗ್ಲಿಟರ್ ಇತ್ತು.

ಅಂಕಲ್ ಗೀಟಿನ ಫೋಟೋ ತೆಗೆದು ಅಜ್ಜಿ ವರ್ನಾಗೆ ತೋರಿಸಿದ. ಅಜ್ಜಿ ಗ್ಯಾರೇಜಿನ ಬಾಗಿಲಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಳು. ಮಹಾರಾಣಿ ತಯಾರಾದ ಫ್ಯಾಕ್ಟರಿಯಲ್ಲೇ ಅಜ್ಜಿ ಹರೆಯದಲ್ಲಿ ಕೆಲಸ ಮಾಡಿದವಳು. ಕನ್ನಡಕ ಏರಿಸಿ ಫೋಟೋ ನೋಡಿದಳು. ಆಮೇಲೆ ಟೆಸ್ಸಾಳ ಹಳದಿ ಬೆರಳುಗಳನ್ನು ನೋಡಿದಳು.

"ಚೆನ್ನಾಗಿದೆ," ಅಂದು ಕಾಫಿ ಗುಟುಕರಿಸಿದಳು. ಅಷ್ಟೇ.

"ಭಾನುವಾರ ಈ ಗೀಟೇ ನಿನ್ನ ಗೆಲ್ಲಿಸುತ್ತೆ," ಅಂದ ಡ್ವೈಟ್ ಅಂಕಲ್.

ಅಪ್ಪ ಕಿವಿಯವರೆಗೂ ನಕ್ಕ. ಅವನು ನಕ್ಕಷ್ಟೂ ಟೆಸ್ಸಾಗೆ ತಿನ್ನಲು ಮನಸ್ಸಾಗಲಿಲ್ಲ. ಡೋನಟ್ ಕೈಯಲ್ಲೇ ಉಳಿಯಿತು.

"ಅಪ್ಪಾ, ಅದು ನಾನು ಬರೆದಿದ್ದು."

"ಯಾವುದು ಮರಿ?"

"ಗೀಟು. ಈಗ ಬರೆದೆ. ಮೊದಲಿದ್ದದ್ದನ್ನ ಉಜ್ಜಿಬಿಟ್ಟೆ."

ಡ್ವೈಟ್ ಅಂಕಲ್ ಡೋನಟ್ ಕಚ್ಚಿದವನು ಅಗಿಯುವುದನ್ನು ಮರೆತ. ಅಪ್ಪ ಕಾರಿನ ಕೆಳಗೆ ಜಾರಿದ. ಅವನ ಬೂಟುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅವು ಅಲ್ಲಾಡಲೇ ಇಲ್ಲ. ಬರೀ ಬೂಟುಗಳಿಗೆ ಟೆಸ್ಸಾ ಯಾವತ್ತೂ ಇಷ್ಟು ಹೆದರಿರಲಿಲ್ಲ.

"ಏನ್ ಹಾಕಿ ಉಜ್ಜಿದೆ?" ಬೂಟುಗಳ ಕಡೆಯಿಂದ ಕೊನೆಗೂ ಪ್ರಶ್ನೆ ಬಂತು.

"ಪಾತ್ರೆ ಸೋಪು."

"ಈ ಗ್ರೀಸು ಬಿಡಿಸೋಕೆ ನಾನು ವಾರಗಟ್ಟಲೆ ಒದ್ದಾಡಿದೀನಿ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ಅದೊಂದು ಗೀಟು ಉಳಿದಿದ್ರೆ ಚೆನ್ನಾಗಿತ್ತು ಮರಿ."

ಬೈದಿದ್ದರೇ ಎಷ್ಟೋ ವಾಸಿಯಿತ್ತು. ಟೆಸ್ಸಾಳ ಕಣ್ಣು ತುಂಬಿಬಂತು.

"ಅಯ್ಯೋ, ಅದಕ್ಕೇನಂತೆ," ಅಂದ ಡ್ವೈಟ್ ಅಂಕಲ್. "ಗೀಟು ಅಳಿಸಿಹೋದೋರೆಲ್ಲ ಹೊಸದಾಗಿ ಬರಕೊಳ್ತಾರೆ. ನಿಮ್ಮಮ್ಮನೇ ಫ್ಯಾಕ್ಟರಿಯಲ್ಲಿದ್ದೋರು. ಅವರ ಕೈಲಿ ಬರೆಸು. ಯಾವ ಜಡ್ಜ್ ತಪ್ಪು ಹಿಡೀತಾನೆ ನೋಡೋಣ."

"ನಾನ್ ಬರೆಯಲ್ಲಪ್ಪ," ಅಂದಳು ಅಜ್ಜಿ.

"ಯಾಕಮ್ಮಾ?" ಅಪ್ಪನ ತಲೆ ಹೊರಗೆ ಬಂತು.

"ಅದೇನು ರಂಗೋಲಿ ಅಂದ್ಕೊಂಡ್ರಾ? ನಟ್ಟು ಬಿಗಿ ಇದೆಯಾ ಅಂತ ನೋಡಿ, ಇದ್ರೆ ಗೀಟು ಹಾಕ್ತಿದ್ವಿ. ನೋಡದೆ ಹಾಕಿದೋರಿಗೆ ಮೇಸ್ತ್ರಿ ಗ್ರಹಚಾರ ಬಿಡಿಸ್ತಿದ್ದ. ನಾನೀಗ ಯಾವ ನಟ್ಟು ನೋಡಿದೀನಿ?"

ಟೆಸ್ಸಾ ಮೂಗು ಒರೆಸಿಕೊಂಡಳು. ಗ್ರೀಸು ಕೆನ್ನೆಗೂ ಹರಡಿತು.

"ನಾನು ನೋಡ್ಲಾ?" ಅಂದಳು.

ಅಪ್ಪ ಎದ್ದು ಗೋಡೆಯಿಂದ ಉದ್ದನೆಯ ಸ್ಪ್ಯಾನರ್ ಇಳಿಸಿದ. ಬೇಕಾದಷ್ಟು ಬಿಗಿಯಾದಾಗ ಟಿಕ್ ಅನ್ನುವ ಸ್ಪ್ಯಾನರ್ ಅದು. ಇಲ್ಲಿಯವರೆಗೆ ಅದನ್ನು ಡ್ವೈಟ್ ಅಂಕಲ್‌ಗೂ ಮುಟ್ಟಲು ಕೊಟ್ಟಿರಲಿಲ್ಲ.

ಮೊದಲು ಟೆಸ್ಸಾ ತಾನು ಬರೆದ ಬಾಲವನ್ನು ಒರೆಸಿದಳು. ಆಮೇಲೆ ಅಚ್ಚನ್ನು ಹಿಡಿದಿದ್ದ ನಟ್ಟುಗಳಿಗೆ ಒಂದೊಂದಾಗಿ ಸ್ಪ್ಯಾನರ್ ಸಿಕ್ಕಿಸಿ, ಎರಡೂ ಕೈಯಿಂದ ಜಗ್ಗಿದಳು. ಟಿಕ್. ಇನ್ನೊಂದು, ಟಿಕ್. ಕೊನೆಯದು ಟಿಕ್ ಅನ್ನಲೇ ಇಲ್ಲ, ಸುಮ್ಮನೆ ತಿರುಗಿತು.

"ಅಪ್ಪಾ, ಇದು ಸಡಿಲ ಇದೆ."

"ಯಾವ್ದು?" ಅಪ್ಪ ತಲೆ ತೂರಿಸಿ ನೋಡಿದ. ಅವನ ಮುಖ ಕೆಂಪಾಯಿತು. "ಇದನ್ನ ನಾನೇ ಹಾಕಿದ್ದೆ. ಆಮೇಲೆ ಬಿಗಿ ಮಾಡೋಣ ಅಂತ ಬಿಟ್ಟು ಮರೆತೇಬಿಟ್ಟೆ."

"ಮೇಸ್ತ್ರಿ ಇದ್ದಿದ್ರೆ," ಅಂದಳು ಅಜ್ಜಿ, ಡೋನಟ್ ಡಬ್ಬಿಗೆ ಕೈ ಹಾಕುತ್ತಾ.

ಅಪ್ಪ, ಮಗಳು ಸೇರಿ ಟಿಕ್ ಅನ್ನುವವರೆಗೆ ಬಿಗಿ ಮಾಡಿದರು. ಆಮೇಲೆ ಟೆಸ್ಸಾ ಅದೇ ಗ್ಲಿಟರ್ ಕ್ರೇಯಾನ್‌ನಿಂದ ಒಂದು ಗೀಟು ಎಳೆದಳು. ಅದು ಬೆಕ್ಕಿನ ಬಾಲದಂತಿರಲಿಲ್ಲ, ಸೊಟ್ಟಗಿತ್ತು.

ಭಾನುವಾರ ಮೈದಾನದ ತುಂಬ ಕಾರುಗಳು, ಸುಟ್ಟ ಸಾಸೇಜಿನ ವಾಸನೆ. ಬಿಳಿ ಟೋಪಿಯ ಜಡ್ಜಮ್ಮ ಟಾರ್ಚ್ ಹಿಡಿದು ಮಹಾರಾಣಿಯ ಕೆಳಗೆ ಹೋಗಿ, ಹುಬ್ಬು ಗಂಟಿಕ್ಕಿಕೊಂಡು ಹೊರಬಂದರು.

"ಅಚ್ಚಿನ ಮೇಲಿನ ಗುರುತು ಫ್ಯಾಕ್ಟರಿಯದ್ದಲ್ಲ."

"ಅಲ್ಲ ಮೇಡಂ," ಅಂದ ಅಪ್ಪ. "ನಮ್ಮ ಇನ್ಸ್‌ಪೆಕ್ಟರ್ ಹಾಕಿದ್ದು."

"ಮಾರ್ಕ್ಸು ಕಳೀಬೇಕಾಗುತ್ತೆ."

"ಕಳೀರಿ."

ಜಡ್ಜಮ್ಮ ಟೆಸ್ಸಾಳ ಕಡೆ ಬಗ್ಗಿದರು. ತುಟಿಯಲ್ಲಿ ನಗು ಇತ್ತೋ ಇಲ್ಲವೋ ತಿಳಿಯಲಿಲ್ಲ. "ಏನಮ್ಮಾ ಇನ್ಸ್‌ಪೆಕ್ಟರ್, ನಟ್ಟು ಬಿಗಿ ಇದೆಯಾ?"

ಟೆಸ್ಸಾ ಜಡ್ಜಮ್ಮನ ಕಣ್ಣನ್ನೇ ನೋಡಿದಳು.

"ಇದೆ," ಅಂದಳು. "ನಾನೇ ನೋಡಿದೀನಿ."