ಸೋಮವಾರದ ಕಾಗದದ ಕೊನೆಯ ಸಾಲು

ಆ ವಾರ ಕಲಾ ಮೊಸಳೆಯ ಬೆನ್ನೇರಿ ನದಿ ದಾಟಿದಳು. ಕೈಯಲ್ಲಿದ್ದ ಪುಸ್ತಕ ಒದ್ದೆಯಾಗಲಿಲ್ಲ, ಕಾಲಿನ ಚಪ್ಪಲಿಯೂ ಒದ್ದೆಯಾಗಲಿಲ್ಲ. ದಡ ಸೇರಿ ಅವಳು ಥ್ಯಾಂಕ್ಸ್ ಹೇಳಿದಾಗ ಮೊಸಳೆ ನಾಚಿಕೊಂಡು ಮುಖವನ್ನು ನೀರಿನೊಳಗೆ ಹುದುಗಿಸಿತು.

ಇದು ಅಪ್ಪಟ ಸತ್ಯ. ಉರಿಗಾಂ ಚಿನ್ನದ ಗಣಿ ಕಾರ್ಮಿಕರ ಲೈನ್‌ಮನೆಗಳ ಒಂದು ಇಡೀ ಸಾಲು ಇದಕ್ಕೆ ಸಾಕ್ಷಿ. ಗೋಪಿ ಕಾಗದ ಹಿಡಿದು ಓದಿದ್ದನ್ನು ಎಲ್ಲರೂ ಕಿವಿಯಾರೆ ಕೇಳಿದ್ದಾರೆ.

ಬಂಗಾರಪೇಟೆ ಸ್ಟೇಷನ್ ಎದುರು ಗೋಪಿಯದೊಂದು ಜೆರಾಕ್ಸ್ ಅಂಗಡಿ. ಅವನ ಬಾಯಲ್ಲಿ ಅದು ಚೆನ್ನೈನಿಂದ ಮುಂಬೈವರೆಗೆ ಹುಡುಕಿದರೂ ಸಿಗದಷ್ಟು ದೊಡ್ಡದು. ಅಳೆದರೆ ಎಂಟಡಿಗೆ ಆರಡಿ. ಎರಡು ವರ್ಷದ ಹಿಂದೆ ಪಾಸ್‌ಪೋರ್ಟ್ ಅರ್ಜಿ ತುಂಬಿಸಲು ಕಲಾ ಅಲ್ಲಿಗೆ ಬಂದಿದ್ದಳು. ಚರ್ಚಿನವರು ಅವಳನ್ನು ಆಫ್ರಿಕಾದ ಜಾಂಬಿಯಾಕ್ಕೆ ಹದಿನೆಂಟು ತಿಂಗಳ ಸೇವೆಗೆ ಕಳಿಸುವವರಿದ್ದರು.

ಫೋಟೋಗೆ ನಗಬಾರದು ಎಂದ ಗೋಪಿ. ಅವಳು ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಅಷ್ಟು ಸಾಕಾಯಿತು. ಒಂದು ಫೋಟೋಗೆ ಅವನು ಹನ್ನೊಂದು ಸಲ ಕ್ಲಿಕ್ಕಿಸಿದ, ಲೈಟು ಸರಿಯಿಲ್ಲ ಎಂದ. ಅವಳು ತಲೆಯ ಮೇಲಿನ ಟ್ಯೂಬ್‌ಲೈಟನ್ನೊಮ್ಮೆ, ಅವನನ್ನೊಮ್ಮೆ ನೋಡಿ ಒಂದು ಹುಬ್ಬನ್ನು ಮಾತ್ರ ಮೇಲೆತ್ತಿದಳು. ಆ ಹುಬ್ಬು ಇಳಿಯುವುದರೊಳಗೆ ಗೋಪಿ ಬಿದ್ದುಹೋಗಿದ್ದ. ಗಣಿಯ ಅಷ್ಟು ಆಳದ ಬಾವಿಗೆ ಬಿದ್ದವರೂ ಅಷ್ಟು ದೂರ ಬಿದ್ದಿರಲಾರರು.

ಹೊರಡುವ ಹಿಂದಿನ ದಿನ ಅವಳು ಒಂದು ಕೆಲಸ ಒಪ್ಪಿಸಿದಳು. ಸೇವೆಯ ನಿಯಮ ಕಟ್ಟುನಿಟ್ಟು: ಫೋನಿಲ್ಲ, ವಾರಕ್ಕೊಂದೇ ಇ-ಮೇಲ್, ಅದೂ ಸೋಮವಾರ. ಮನೆಯಲ್ಲಿರುವುದು ಅವಳು ಪಾಟಿ ಎಂದು ಕರೆಯುವ ಅಜ್ಜಿ ಮಾರಿಯಮ್ಮ ಒಬ್ಬಳೇ, ಕಣ್ಣಿಗೆ ಪೊರೆ ಬಂದಿದೆ. ಮೇಲ್ ಅಂಗಡಿಗೆ ಬರುತ್ತದೆ, ಪ್ರಿಂಟ್ ತೆಗೆದು ಪಾಟಿಗೆ ಓದಿ ಹೇಳುತ್ತೀರಾ ಎಂದು ಕೇಳಿದಳು. ನಂದಿಬೆಟ್ಟವನ್ನು ಹೊತ್ತು ತಾ ಎಂದಿದ್ದರೂ ಗೋಪಿ ಹೂಂ ಎನ್ನುತ್ತಿದ್ದ.

ಆದರೆ ಕಾಗದಗಳು ಉಪ್ಪಿಲ್ಲದ ಸಾರಿನಂತಿದ್ದವು. ಸೋಮವಾರ ಬಟ್ಟೆ ಒಗೆದೆ. ಮಂಗಳವಾರ ಜೊತೆಯವಳ ಸಂಗಡ ಒಂಬತ್ತು ಮೈಲಿ ನಡೆದೆ, ಯಾರೂ ಬಾಗಿಲು ತೆರೆಯಲಿಲ್ಲ. ಬುಧವಾರ ಹೆಂಗಸರಿಗೆ ಹೊಲಿಗೆ. ಗುರುವಾರ ಮಕ್ಕಳಿಗೆ ಪಾಠ. ಶುಕ್ರವಾರ ಒಬ್ಬ ಮುದುಕಿಗೆ ನೀರು ಹೊತ್ತೆ. ಇದು ತಾಮ್ರದ ಗಣಿ ಊರು ಪಾಟಿ, ನಮ್ಮ ಲೈನ್ ಥರಾನೇ ತಗಡಿನ ಮನೆಗಳು. ಜೋಳದ ಮುದ್ದೆ ತಿನ್ನುತ್ತೇನೆ.

ಮೊದಲ ಸೋಮವಾರ ಗೋಪಿ ಲೈನಿಗೆ ಹೋಗಿ ಇದನ್ನು ಇದ್ದಂತೆಯೇ ಓದಿದ. ಮಾರಿಯಮ್ಮನ ಮುಖ ಬಾಡಿತು. "ಯಾರೂ ಬಾಗ್ಲು ತೆಗೀಲಿಲ್ವಾ, ತಂಬಿ? ನನ್ ಮಗೂಗೆ?" ಎಂದಳು.

ಎರಡನೇ ಸೋಮವಾರ ಎಲ್ಲ ಬಾಗಿಲೂ ತೆರೆದವು. ಮೂರನೆಯ ವಾರ ಊರಿನ ರಾಜ ಛತ್ರಿ ಹಿಡಿದು ಬಂದ. ಲೈನಿನಲ್ಲಿ ಮನೆಗೂ ಮನೆಗೂ ಗೋಡೆ ಒಂದೇ, ಸುದ್ದಿಗೆ ಅದೂ ಇಲ್ಲ. ಐದನೆಯ ವಾರದ ಹೊತ್ತಿಗೆ ನಲ್ಲಿಗೆ ನೀರು ಹಿಡಿಯಲು ಬಂದವರೆಲ್ಲ ಬಿಂದಿಗೆ ತುಂಬಿ ಹರಿದರೂ ಏಳದೆ ಕೂತು ಕೇಳತೊಡಗಿದರು. ಆನೆ ಬಂತು, ನಂಬಿದರು. ಮೊಸಳೆ ಬಂತು, ನಂಬಿದರು. ಒಂದೇ ಒಂದು ಸಲ ಗೋಪಿ, ಅಲ್ಲಿನ ಗಣಿ ನಮ್ಮದಕ್ಕಿಂತ ಆಳ ಎಂದುಬಿಟ್ಟ. ಮೂವತ್ತು ವರ್ಷ ಗಣಿಯೊಳಗೆ ದುಡಿದಿದ್ದ ಪೆರುಮಾಳ್ ಕೋಲೂರಿ ಎದ್ದು ನಿಂತ.

"ಮೊಸಳೆ ಇರ್ಲಿ. ಆಳ ಮಾತ್ರ ಸುಳ್ಳು. ಸರ್ಯಾಗಿ ಓದಪ್ಪಾ."

ಗೋಪಿ ತಕ್ಷಣ ಸಾವಿರ ಅಡಿ ಕಡಿಮೆ ಮಾಡಿ ಓದಿದ. ಪೆರುಮಾಳ್ ಕೂತ.

ಇಷ್ಟೇ ಆಗಿದ್ದರೆ ಏನೂ ಇರಲಿಲ್ಲ. ಆದರೆ ಒಂದು ಸೋಮವಾರ ಓದಿ ಮುಗಿಸಿದಾಗ ಮಾರಿಯಮ್ಮ, ನಿನ್ನ ವಿಷಯ ಏನೂ ಬರೆದಿಲ್ಲವಾ ಎಂದು ಕೇಳಿದಳು. ಗೋಪಿ ಹಾಳೆಯ ಕೆಳಭಾಗ ನೋಡಿದ. ಬಿಳಿ ಜಾಗ. ಹಿಂದೆ ತಿರುಗಿಸಿದ. ಅಲ್ಲೂ ಬಿಳಿ. ಆ ಬಿಳಿಯನ್ನೇ ದಿಟ್ಟಿಸುತ್ತ ಓದಿದ: ಗೋಪಿ ಊಟ ಮಾಡಿದನಾ ಕೇಳು ಪಾಟಿ. ಅವನ ನೆನಪಾಗುತ್ತದೆ.

ಮಾರಿಯಮ್ಮ ನಕ್ಕಳು. ಗೋಪಿಯ ಕಿವಿ ಕೆಂಪಾಯಿತು. ಅಂದಿನಿಂದ ಆ ಸಾಲು ಒಂದು ವಾರವೂ ತಪ್ಪಲಿಲ್ಲ. ಕಲಾ ವಾಪಸು ಬಂದ ದಿನ ಇದು ಬಯಲಾಗುತ್ತದೆ, ಆಮೇಲೆ ಅವಳು ತನ್ನ ಮುಖ ನೋಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಿಲ್ಲಿಸಬೇಕು ಎಂದು ಪ್ರತಿ ಭಾನುವಾರ ಪ್ರಮಾಣ ಮಾಡುತ್ತಿದ್ದ. ಸೋಮವಾರ ಮರೆಯುತ್ತಿದ್ದ.

ಹದಿನೆಂಟು ತಿಂಗಳು ಮುಗಿದು ಕಲಾ ಬಂದಳು. ಕೂದಲು ಗಿಡ್ಡವಾಗಿತ್ತು, ಬಿಸಿಲಿಗೆ ಮುಖ ಮಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಲೈನಿನವರೆಲ್ಲ ಮಾರಿಯಮ್ಮನ ಬಾಗಿಲಲ್ಲಿ. ಓಡಿಹೋಗೋಣ ಎಂದುಕೊಂಡ ಗೋಪಿಯ ಕಾಲು, ಯಾಕೋ, ಎಲ್ಲರಿಗಿಂತ ಮುಂದೆ ಬಂದು ನಿಂತಿತ್ತು.

ಮೊಸಳೆ ಎಷ್ಟು ಉದ್ದ ಇತ್ತಮ್ಮಾ ಎಂದ ಪೆರುಮಾಳ್.

ಕಲಾ ಗುಂಪಿನಲ್ಲಿ ಒಂದೊಂದೇ ಮುಖ ನೋಡುತ್ತ ಬಂದಳು. ಗೋಪಿಯ ಮುಖದಲ್ಲಿ ನಿಂತಳು. ಅವನು ಬೆರಳುಗಳನ್ನು ಲೆಕ್ಕ ಹಾಕುತ್ತಿರುವವನಂತೆ ತಲೆ ತಗ್ಗಿಸಿದ. "ಸುಮಾರಾಗಿತ್ತು, ತಾತ," ಎಂದಳು ಅವಳು. ಗೋಪಿಗೆ ಹೋದ ಜೀವ ಬಂತು.

ಆಗ ಮಾರಿಯಮ್ಮ ಮೊಮ್ಮಗಳ ಗಲ್ಲ ಸವರಿ, "ವಾರ ವಾರ ಇವನ್ನೇ ಕೇಳ್ತಿದ್ಯಲ್ಲ ನನ್ ಕಣ್ಣು, ಊಟ ಮಾಡ್ದನಾ, ನೆನಪಾಗ್ತಾನೆ ಅಂತ. ಇವ್ರಮ್ಮನ ಅತ್ರ ಯಾವಾಗ ಮಾತಾಡೋದು?" ಎಂದಳು.

ಕಲಾ ಕೈಚಾಚಿದಳು. ಗೋಪಿ ಕಳೆದ ವಾರದ ಪ್ರಿಂಟನ್ನು ಜೇಬಿನಿಂದ ತೆಗೆದು ಕೊಟ್ಟ. ಅವಳು ಮೇಲಿಂದ ಕೆಳಗೆ ನಿಧಾನವಾಗಿ ಓದಿದಳು.

"ಮೊಸಳೆ ನಾನು ಒಪ್ಕೊಂಡೆ. ಈ ಸಾಲು ಎಲ್ಲಿದೆ, ಗೋಪಿ?"

ನಾಲ್ಕು ಸುಳ್ಳು ಅವನ ನಾಲಿಗೆ ತುದಿಗೆ ಬಂದವು, ಒಂದಕ್ಕಿಂತ ಒಂದು ಚೆಂದ. ಎಲ್ಲವನ್ನೂ ನುಂಗಿದ.

"ಇಲ್ಲ. ನೀವು ಯಾವತ್ತೂ ಬರೀಲಿಲ್ಲ. ನಾನೇ ಸೇರಿಸ್ದೆ. ರಾಜ, ಆನೆ, ಮೊಸಳೆ ಎಲ್ಲಾ ನಂದೇ. ಅವು ಪಾಟಿಗೋಸ್ಕರ. ಆ ಸಾಲು ಮಾತ್ರ ನನಗೋಸ್ಕರ."

ನಲ್ಲಿಯಲ್ಲಿ ನೀರು ಬಂದಿತ್ತು. ಯಾರೂ ಎದ್ದು ಹೋಗಲಿಲ್ಲ.

ಕಲಾ ಕಾಗದ ಮಡಚಿದಳು. ಮೇಲ್‌ಗಳನ್ನೆಲ್ಲ ಸೇವೆಯ ಹಿರಿಯರು ಓದಿ ಕಳಿಸುತ್ತಿದ್ದರು, ಹುಡುಗರ ವಿಷಯ ಬರೆಯುವಂತಿರಲಿಲ್ಲ ಎಂದಳು. ಸೋಮವಾರ ಬಟ್ಟೆ ಒಗೆಯಲು ಒಂದು ಗಂಟೆ ಬೇಕಾಗುತ್ತಿತ್ತಂತೆ, ಕಾಗದ ಬರೆಯಲು ಅರ್ಧ ಗಂಟೆ. ಕೊನೆಯಲ್ಲಿ ಟೈಪ್ ಮಾಡಿದ ಒಂದು ಸಾಲನ್ನು ಅಳಿಸಲು ಮಾತ್ರ ತುಂಬಾ ಹೊತ್ತು ಹಿಡಿಯುತ್ತಿತ್ತಂತೆ.

ಗೋಪಿ ತಲೆ ಎತ್ತಿದ. ಅವಳು ಕೆಳತುಟಿ ಕಚ್ಚಿಕೊಂಡಿರಲಿಲ್ಲ. ನಗುತ್ತಲೇ ಇದ್ದಳು.

"ನಿಜ ಏಳು," ಎಂದಳು, ಹಕಾರ ನುಂಗುವ ಅವನದೇ ಊರಿನ ಮಾತಿನಲ್ಲಿ, ಮೊದಲ ಸಲ ಏಕವಚನದಲ್ಲಿ. "ಎಷ್ಟು ಕಾದೆ? ಎಳೀಬೇಡ, ಇದ್ದಷ್ಟೇ ಏಳು."

ಸಮುದ್ರ, ಆಕಾಶ, ಏಳು ಜನ್ಮ, ಯಾವುದೂ ಅವನ ಕೈಗೆ ಸಿಗಲಿಲ್ಲ.

"ಸೋಮವಾರ ಚೆನ್ನಾಗಿರ್ತಿತ್ತು," ಎಂದ ಗೋಪಿ. "ಮಿಕ್ಕ ಆರು ದಿನ ಕಳೆಯೋಕೆ ಆಗ್ತಿರ್ಲಿಲ್ಲ."