ಒದ್ದೆ ಪಂಚೆಯೂ ಅರಗಿನ ಗಟ್ಟಿಯೂ

ಬಹಳ ಬಹಳ ಹಿಂದೆ, ಸಿಡಿಲು ಇನ್ನೂ ನೆಲದ ಮೇಲೆ ಮೇಯ್ತಿದ್ದ ಕಾಲ. ಕೊಳಗಲ್ಲು ಅಂತ ಒಂದು ರಾಜ್ಯ. ಅಲ್ಲಿನ ರಾಜಕುಮಾರೀನ ಉರಿಮೀಸೆ ಅನ್ನೋ ಮಾಂತ್ರಿಕ ಎತ್ಕೊಂಡು ಹೋಗಿ ತನ್ನ ಕೋಟೇಲಿ ಕೂಡಿಹಾಕಿ, ಬಾಗಿಲಿಗೆಲ್ಲ ಸಿಡಿಲನ್ನೇ ಕಾವಲಿಟ್ಟ. ಬಿಡಿಸೋಕೆ ದಿನಕ್ಕೊಂದು ಮನೆಯಿಂದ ಒಬ್ಬ ಗಂಡಸು ಹೋಗ್ಬೇಕು ಅಂತ ರಾಜನ ಅಪ್ಪಣೆ.

ಹೆಂಗೆ ಹೋಗ್ಬೇಕು ಅಂತ ಹೇಳೋನು ರಾಜಗುರು. ತಣ್ಣೀರಲ್ಲಿ ಮುಳುಗು, ಒದ್ದೆ ಪಂಚೆ ಉಡು, ಬರಿಗಾಲಲ್ಲಿ ನಡಿ, ಕೈಲಿ ತಾಮ್ರದ ತಂಬಿಗೆ ಹಿಡಿ. ಹಂಗೆ ಹೋದ ಹನ್ನೊಂದು ಜನ ಮೊದಲನೇ ಬಾಗಿಲಲ್ಲೇ ಸುಟ್ಟು ಸತ್ರು. ಮಾಂತ್ರಿಕ ಹೆಣಾನ ಕೋಟೆ ಆಚೆ ಎಸೀತಿದ್ದ. ಗುರು ಪ್ರತಿ ಹೆಣದ ಮುಂದೆ ನಿಂತು, "ಇವನ ಮನಸ್ಸಲ್ಲಿ ಮೈಲಿಗೆ ಇತ್ತು" ಅಂತಿದ್ದ. ಸತ್ತೋನು ಎದ್ದು ಜಗಳಕ್ಕೆ ಬರ್ತಾನಾ?

ಹನ್ನೆರಡನೇ ಸರದಿ ಚೌಡಂದು. ಅವನ ಅಕ್ಕ ಕೆಂಚಿ, ಅರಗಿನ ಬಳೆ ಮಾಡೋಳು. ತಾಯಿ ಇಲ್ಲದ ತಮ್ಮನ್ನ ಎತ್ತಿ ಸಾಕಿದೋಳು. ಹಿಂದಿನ ದಿನದ ಹೆಣ ನೋಡಿದ್ಲು. ಅಂಗೈ ಕರಕಲು, ಅಂಗಾಲು ಕರಕಲು. ಸೀದಾ ಗುರು ಮುಂದೆ ಹೋಗಿ ನಿಂತ್ಲು.

"ಸ್ವಾಮಿ, ಕೈಯಿಂದ ಹೊಕ್ಕ ಸಿಡಿಲು ಕಾಲಿಂದ ಆಚೆ ಹೋಗೈತೆ. ಕೈಗೆ ತಾಮ್ರ ಕೊಟ್ರಿ, ಮೈಗೆ ನೀರು ಸುರಿದ್ರಿ. ಸಿಡಿಲಿಗೆ ನೀವೇ ರಾಜಬೀದಿ ಮಾಡ್ಕೊಟ್ಟು, ಸತ್ತೋರಿಗೆ ಮೈಲಿಗೆ ಅಂತೀರಾ?"

"ಬಳೆ ಮಾಡೋಳು ನನಗೆ ಶಾಸ್ತ್ರ ಹೇಳ್ತೀಯೇನೆ?"

"ನನ್ನ ಗುಡಿಸಲಿಗೆ ಸಿಡಿಲು ಬಡಿದಾಗ ಕಬ್ಬಿಣದ ಇಕ್ಕಳ ಕರಗೋಯ್ತು. ಪಕ್ಕದಲ್ಲಿದ್ದ ಅರಗಿನ ಗಟ್ಟೀನ ಮುಟ್ಟಲೂ ಇಲ್ಲ. ನಂಗೆ ಅಷ್ಟು ಶಾಸ್ತ್ರ ಸಾಕು. ತಮ್ಮನ ಬದಲು ನಾನೇ ಹೋಗ್ತೀನಿ, ಒಣಸೀರೆ ಉಟ್ಟು."

"ಹೋಗು. ಹೆಣ ಎತ್ತೋಕೂ ಯಾರೂ ಬರಲ್ಲ."

ಅರಗು ಬಳಿದ ಒಣ ಬಿದಿರು, ಮೊಳದೆತ್ತರದ ಎರಡು ಅರಗಿನ ಗಟ್ಟಿ, ಒಂದು ಉದ್ದನೆ ಕಬ್ಬಿಣದ ಸರಪಳಿ. ಇಷ್ಟೇ ಹೊತ್ಕೊಂಡು ಹೊರಟ್ಲು.

ಮೊದಲನೇ ಬಾಗಿಲು. ಕಬ್ಬಿಣದ ಅಗಳಿಗೆ ಸಿಡಿಲ ಹಾವು ಸುತ್ತಿತ್ತು. ಕೆಂಚಿ ಬಿದಿರಲ್ಲಿ ಅಗಳಿ ತಳ್ಳಿದ್ಲು. ಹಾವು ಬಿದಿರ ತುದಿ ಮೂಸಿತು. ದಾರಿ ಸಿಗಲಿಲ್ಲ, ಹಿಂದಕ್ಕೆ ಸರೀತು.

ಎರಡನೇದು ಅಂಗಳ. ಪಾದ ಮುಳುಗೋ ನೀರು, ನೀರ ತುಂಬ ಸಿಡಿಲ ಮೀನು. ಒಂದು ಗಟ್ಟಿ ಇಟ್ಟು ಹತ್ತಿದ್ಲು, ಇನ್ನೊಂದನ್ನ ಮುಂದಿಟ್ಟು ದಾಟಿದ್ಲು, ಹಿಂದಿನದನ್ನ ಬಿದಿರಲ್ಲಿ ಎಳ್ಕೊಂಡ್ಲು. ನೀರಿಗೆ ಕಾಲು ತಾಗಿಸದೆ ಆಚೆ ದಡ ಸೇರಿದ್ಲು.

ಮೂರನೇದು ತಾಮ್ರದ ಗೂಳಿ. ಅದರ ಮೈಯೆಲ್ಲ ಸಿಡಿಲು. ಹಿಂದೆ ರಾಜಕುಮಾರಿ, ಮುಂದೆ ಉರಿಮೀಸೆ.

"ನಿಮ್ಮೂರಲ್ಲಿ ಗಂಡಸರು ಮುಗಿದೋದ್ರೇನೆ?"

"ನೆನೆಸಿ ನೆನೆಸಿ ಕಳಿಸಿದ್ರೆ ಮುಗೀದೆ ಇನ್ನೇನು?" ಅಂತ ಕೆಂಚಿ ಸರಪಳಿಯ ಒಂದು ತುದೀನ ಪಕ್ಕದ ಬಾವಿಗೆ ಬಿಟ್ಲು. ಗೂಳಿ ನುಗ್ಗಿ ಬಂತು. ಸರಪಳಿಯ ಇನ್ನೊಂದು ತುದೀನ ಬಿದಿರಲ್ಲೆತ್ತಿ ಅದರ ಕೊಂಬಿಗೆ ಸಿಕ್ಕಿಸಿ ಪಕ್ಕಕ್ಕೆ ಹಾರಿದ್ಲು. ಸಿಡಿಲೆಲ್ಲ ಸರಪಳಿ ಹಿಡಿದು ಬಾವಿಗೆ ಇಳೀತು, ಬಾವಿಯಿಂದ ಭೂಮಿಗೆ ಇಳೀತು. ಗೂಳಿ ಖಾಲಿ ಹಂಡೆ ಥರ ನಿಂತೋಯ್ತು. ಉರಿಮೀಸೆ ಪ್ರಾಣ ಇದ್ದದ್ದು ಆ ಸಿಡಿಲಲ್ಲೇ. ಅವನು ನಿಂತಲ್ಲೇ ಬೂದಿಯಾದ.

ಮಗಳನ್ನ ಕಂಡ ರಾಜ, "ಏನು ಬೇಕು ಕೇಳವ್ವ" ಅಂದ.

"ಗುರುಗಳು ಆ ಹನ್ನೊಂದು ಮನೆಗೂ ನಡ್ಕೊಂಡು ಹೋಗ್ಲಿ. ನಿಮ್ಮೋರಲ್ಲಿ ಮೈಲಿಗೆ ಇರ್ಲಿಲ್ಲ, ತಪ್ಪು ನಂದು ಅನ್ಲಿ. ಅಷ್ಟೇ."

ಗುರು ಹೋದ. ಹನ್ನೊಂದು ಬಾಗಿಲಲ್ಲೂ ಹೇಳಿದ, ಕೇಳಿದೋರು ಅತ್ರು. ಆಮೇಲೆ ಕೊಳಗಲ್ಲಲ್ಲಿ ಯಾರನ್ನೂ ನೆನೆಸಿ ಸಾಯೋಕೆ ಕಳಿಸಲಿಲ್ಲ. ಕೆಂಚಿ, ಚೌಡ, ರಾಜ, ರಾಜಕುಮಾರಿ, ಊರೋರೆಲ್ಲ ಉಂಡುಟ್ಟು ನೆಮ್ಮದಿಯಾಗಿ ಬಾಳಿದ್ರು.